ಮನೆಯ ಸೌರ ವಿದ್ಯುತ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಾರಸಿಯ ಮೇಲೆ 3 ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕಗಳಿವೆ. ಸುಡು ಬಿಸಿಲಿನ ನಡುಹಗಲಿನಲ್ಲಿಯೂ ಇನ್ವರ್ಟರಿನ ಪರದೆ 2.3 ಕಿಲೋವ್ಯಾಟ್ ದಾಟುವುದಿಲ್ಲ. ಮಳೆ ಬಿಟ್ಟು ಬಿಸಿಲು ಬಂದ ತಂಪು ದಿನಗಳಲ್ಲಿ ಮಾತ್ರ ಇದಕ್ಕಿಂತ ಹೆಚ್ಚು ತೋರಿಸುತ್ತದೆ. ಫಲಕಗಳಲ್ಲಿ ದೋಷವಿದೆಯೇ?

ಉತ್ತರ: ದೋಷವಿರುವಂತೆ ಕಾಣುವುದಿಲ್ಲ, ತಂಪು ದಿನಗಳ ಬಗ್ಗೆ ನೀವು ಗಮನಿಸಿರುವುದೇ ಅದಕ್ಕೆ ಸಾಕ್ಷಿ. ಫಲಕದ ಹಿಂಬದಿಯಲ್ಲಿ ಮುದ್ರಿಸಿರುವ ವ್ಯಾಟ್ ಪ್ರಮಾಣ ಪ್ರಯೋಗಾಲಯದ ಅಳತೆ. ಚದರ ಮೀಟರಿಗೆ 1000 ವ್ಯಾಟ್‌ನಷ್ಟು ಬೆಳಕು ಬೀಳುತ್ತಿದ್ದು, ಸೌರಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಸಿಗುವ ಉತ್ಪಾದನೆ ಅದು. ತಾರಸಿಯ ಮೇಲಿನ ಫಲಕ ಬಿಸಿಲಿನಲ್ಲಿ ಸುಲಭವಾಗಿ 60 ಡಿಗ್ರಿಯವರೆಗೆ ಕಾಯುತ್ತದೆ. ಸಿಲಿಕಾನ್ ಕೋಶಗಳು 25 ಡಿಗ್ರಿಯ ಮೇಲಿನ ಪ್ರತಿ ಡಿಗ್ರಿಗೆ ಸುಮಾರು ಶೇ. 0.3ರಿಂದ 0.4ರಷ್ಟು ಶಕ್ತಿಯನ್ನು ಕಳೆದುಕೊಳ್ಳುವುದರಿಂದ, 35 ಡಿಗ್ರಿಯ ಏರಿಕೆಯೊಂದೇ ಶೇ. 10ರಿಂದ 14ರಷ್ಟನ್ನು ನುಂಗುತ್ತದೆ. ಇದರ ಮೇಲೆ ಧೂಳು, ತಂತಿಗಳಲ್ಲಿ ಆಗುವ ನಷ್ಟ ಮತ್ತು ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿ ಬದಲಿಸುವಾಗ ಇನ್ವರ್ಟರಿನಲ್ಲಿ ಆಗುವ ನಷ್ಟ ಸೇರಿದರೆ, ನೀವು ಕಾಣುತ್ತಿರುವ ಅಂಕಿ ಸಹಜವಾದದ್ದೇ. ಫಲಕಕ್ಕೆ ಬೇಕಾದದ್ದು ಬೆಳಕು; ಬಿಸಿ ಅದಕ್ಕೆ ಶತ್ರು. ಇದೇ ಕಾರಣಕ್ಕೆ ಫಲಕಗಳನ್ನು ತಾರಸಿಗೆ ಅಂಟಿಸಿದಂತೆ ಕೂರಿಸದೆ, ಅಡಿಯಲ್ಲಿ ಗಾಳಿಯಾಡುವಂತೆ ಎತ್ತರಿಸಿ ನಿಲ್ಲಿಸುತ್ತಾರೆ.

ಸಂಶಯ ಪಡಬೇಕಾದದ್ದು ನಡುಹಗಲಿನ ಗರಿಷ್ಠ ಅಂಕಿಯ ಬಗ್ಗೆ ಅಲ್ಲ, ಪ್ರತಿದಿನ ಒಂದೇ ಹೊತ್ತಿಗೆ ಆಗುವ ಕುಸಿತದ ಬಗ್ಗೆ. ಆಕಾಶ ನಿರ್ಮಲವಾಗಿದ್ದೂ ಮಧ್ಯಾಹ್ನ ಮೂರರ ಸುಮಾರಿಗೆ ಉತ್ಪಾದನೆ ತಟ್ಟನೆ ಇಳಿಯುತ್ತಿದ್ದರೆ, ನೀರಿನ ಟ್ಯಾಂಕಿನದೋ ಬೆಳೆದ ಮರದ ಕೊಂಬೆಯದೋ ನೆರಳು ಬೀಳುತ್ತಿದೆಯೇ ಎಂದು ಆ ಹೊತ್ತಿನಲ್ಲಿ ತಾರಸಿಗೆ ಹೋಗಿ ನೋಡಿ. ಫಲಕದೊಳಗಿನ ಕೋಶಗಳು ಸಾಲಾಗಿ ಒಂದಕ್ಕೊಂದು ಜೋಡಣೆಗೊಂಡಿರುವುದರಿಂದ, ನೆರಳಿಗೆ ಸಿಕ್ಕ ಕೆಲವೇ ಕೋಶಗಳು ಇಡೀ ಸಾಲಿನ ಪ್ರವಾಹವನ್ನು ತಡೆಯುತ್ತವೆ. ಅದನ್ನು ತಪ್ಪಿಸಲು ಅಳವಡಿಸಿರುವ ಬೈಪಾಸ್ ಡಯೋಡ್‌ಗಳು ಆ ಸಾಲನ್ನು ಬದಿಗೆ ಸರಿಸಿ ಉಳಿದವುಗಳನ್ನು ಕಾಪಾಡುತ್ತವೆ. ಹೀಗಾಗಿ ಅಂಗೈಯಗಲದ ನೆರಳೂ ಫಲಕವೊಂದರ ಮೂರನೆಯ ಒಂದು ಭಾಗದಷ್ಟು ಉತ್ಪಾದನೆಯನ್ನು ಕಸಿಯಬಲ್ಲದು.

ಪ್ರಶ್ನೆ: ಕರೆಂಟು ಹೋದಾಗ ಬಿಸಿಲು ಚೆನ್ನಾಗಿದ್ದರೂ ನಮ್ಮ ಸೌರ ವ್ಯವಸ್ಥೆ ನಿಂತುಬಿಡುತ್ತದೆ. ಬ್ಯಾಟರಿ ಹಾಕಿಸಿದರೆ ಇದು ಸರಿಹೋಗುವುದೇ? ಎಷ್ಟು ದೊಡ್ಡ ಬ್ಯಾಟರಿ ಬೇಕು?

ಉತ್ತರ: ನಿಮ್ಮದು ವಿದ್ಯುತ್ ಜಾಲಕ್ಕೆ ಜೋಡಿಸಿದ ಇನ್ವರ್ಟರ್. ಅದು ಜಾಲದ ವೋಲ್ಟೇಜನ್ನೂ ಆವರ್ತನವನ್ನೂ ಅನುಸರಿಸಿಯೇ ಕೆಲಸ ಮಾಡುತ್ತದೆ. ಜಾಲ ಸತ್ತಾಗ ಉದ್ದೇಶಪೂರ್ವಕವಾಗಿಯೇ ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ, ಲೈನು ನಿಷ್ಕ್ರಿಯವಾಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯ ವಿದ್ಯುತ್ತು ತಗುಲುವ ಅಪಾಯವಿದೆ. ಈ ರಕ್ಷಣೆಯನ್ನು ನಿಷ್ಕ್ರಿಯಗೊಳಿಸಿಕೊಡುತ್ತೇವೆ ಎನ್ನುವವರನ್ನು ಬಾಗಿಲಿನಿಂದಲೇ ಕಳುಹಿಸಿಬಿಡಿ.

ಬ್ಯಾಟರಿಯೊಂದನ್ನೇ ತಂದಿಟ್ಟರೆ ಸಾಲದು. ಕರೆಂಟು ಹೋದೊಡನೆ ಮನೆಯನ್ನು ಜಾಲದಿಂದ ಬೇರ್ಪಡಿಸಿ, ಆಯ್ದ ಸರ್ಕ್ಯೂಟುಗಳಿಗೆ ಮಾತ್ರ ವಿದ್ಯುತ್ ಕೊಡಬಲ್ಲ ಹೈಬ್ರಿಡ್ ಇನ್ವರ್ಟರ್ ಸಹ ಬೇಕಾಗುತ್ತದೆ. ಬ್ಯಾಟರಿಯ ಗಾತ್ರವನ್ನು ಮನೆಯ ದೊಡ್ಡಸ್ತಿಕೆ ನೋಡಿ ನಿರ್ಧರಿಸಬೇಡಿ. ಕತ್ತಲಾದ ಮೇಲೆ ಯಾವುದು ಓಡಲೇಬೇಕು ಎಂಬುದನ್ನು ನೋಡಿ ನಿರ್ಧರಿಸಿ. 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಯಲ್ಲಿ ಬಳಕೆಗೆ 4.5 ಯೂನಿಟ್ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ದೀಪ, ಫ್ಯಾನು ಮುಂತಾದವುಗಳ 300 ವ್ಯಾಟ್ ಹೊರೆಗೆ ಅದು ಸುಮಾರು 15 ಗಂಟೆ ಬರುತ್ತದೆ. 2000 ವ್ಯಾಟ್‌ನ ಗೀಸರ್ ಒಂದನ್ನು ಹಾಕಿದರೆ ಎರಡು ಗಂಟೆ ದಾಟುವಷ್ಟರಲ್ಲಿ ಖಾಲಿ. ಸೀಸ–ಆಮ್ಲದ ಬ್ಯಾಟರಿಯಾದರೆ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ಬಳಸದಿರುವುದೇ ಲೇಸು, ಏಕೆಂದರೆ ಪದೇ ಪದೇ ಆಳಕ್ಕೆ ಬರಿದಾದಷ್ಟೂ ಅದರ ಆಯಸ್ಸು ಕುಗ್ಗುತ್ತದೆ. ಅಂತಹ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊಮ್ಮುವುದರಿಂದ, ಅದನ್ನು ಗಾಳಿಯಾಡದ ಕಪಾಟಿನಲ್ಲಿ ಇಡಬಾರದು.

ಇನ್ನೊಂದು ಮಾತು: ಬ್ಯಾಟರಿ ತುಂಬಿದ್ದರೂ ಪಂಪು ಚಾಲೂ ಮಾಡಿದೊಡನೆ ಇನ್ವರ್ಟರ್ ಟ್ರಿಪ್ ಆಗುವುದುಂಟು. ಮೋಟಾರುಗಳು ಹೊರಡುವ ಕ್ಷಣದಲ್ಲಿ, ಓಡುವಾಗ ಬೇಕಾಗುವುದಕ್ಕಿಂತ ಹಲವು ಪಟ್ಟು ಹೆಚ್ಚು ಪ್ರವಾಹವನ್ನು ಎಳೆಯುತ್ತವೆ. ಪಂಪನ್ನು ಹಗಲಿನಲ್ಲಿ, ಜಾಲ ಇರುವಾಗಲೇ ಓಡಿಸಿ ಟ್ಯಾಂಕು ತುಂಬಿಸಿಕೊಳ್ಳುವುದು ದೊಡ್ಡ ಇನ್ವರ್ಟರ್ ಕೊಳ್ಳುವುದಕ್ಕಿಂತ ಜಾಣತನ.

ಪ್ರಶ್ನೆ: ಇನ್ವರ್ಟರ್ ದಿನಕ್ಕೆ 12 ಯೂನಿಟ್ ಉತ್ಪಾದನೆ ತೋರಿಸುತ್ತದೆ. ಆದರೆ ಮೀಟರಿನಲ್ಲಿ ಹೊರಹೋದದ್ದು 7 ಯೂನಿಟ್ ಮಾತ್ರ. ಉಳಿದ ಐದು ಎಲ್ಲಿ ಹೋದವು?

ಉತ್ತರ: ಅವನ್ನು ಬಳಸಿದವರು ನೀವೇ. ಫಲಕಗಳ ವಿದ್ಯುತ್ತು ಮೊದಲು ಮನೆಯೊಳಗಿನ ಹೊರೆಗೆ ಹರಿದು, ಮಿಕ್ಕದ್ದು ಮಾತ್ರ ಮೀಟರ್ ದಾಟಿ ಹೊರಗೆ ಹೋಗುತ್ತದೆ. ಎರಡೂ ದಿಕ್ಕಿಗೆ ಎಣಿಸುವ ಮೀಟರ್ ತನ್ನನ್ನು ದಾಟಿದ್ದನ್ನಷ್ಟೇ ದಾಖಲಿಸುತ್ತದೆ. ಬ್ಯಾಟರಿ ಇಲ್ಲದ ಮನೆಯ ನಿಜವಾದ ಬಳಕೆ ತಿಳಿಯಬೇಕಾದರೆ ಉತ್ಪಾದನೆಯಿಂದ ಹೊರಹೋದದ್ದನ್ನು ಕಳೆದು, ಜಾಲದಿಂದ ಬಂದದ್ದನ್ನು ಕೂಡಬೇಕು. ರಾತ್ರಿ 4 ಯೂನಿಟ್ ಒಳಬಂದಿದ್ದರೆ ನಿಮ್ಮ ಆ ದಿನದ ಬಳಕೆ 9 ಯೂನಿಟ್. ಹೊರಗೆ ಕೊಟ್ಟ ಯೂನಿಟ್ಟಿಗೆ ಸಿಗುವ ದರ, ಕೊಳ್ಳುವ ಯೂನಿಟ್ಟಿನ ದರಕ್ಕಿಂತ ಕಡಿಮೆ ಇರುವ ಕಡೆ, ವಾಷಿಂಗ್ ಮೆಷಿನ್, ಇಸ್ತ್ರಿ, ಪಂಪುಗಳನ್ನು ಹತ್ತರಿಂದ ಮೂರು ಗಂಟೆಯ ನಡುವೆ, ಒಂದಾದ ಮೇಲೊಂದರಂತೆ ಬಳಸಿ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಹೊರೆ ಉತ್ಪಾದನೆಯನ್ನು ಮೀರಿ, ಕೊರತೆಯನ್ನು ಜಾಲದಿಂದಲೇ ಕೊಳ್ಳಬೇಕಾಗುತ್ತದೆ.

ಪ್ರಶ್ನೆ: ಫಲಕಗಳನ್ನು ನಾವೇ ತೊಳೆಯಬಹುದೇ?

ಉತ್ತರ: ಬೀಳುವ ಅಪಾಯವಿಲ್ಲದೆ ಅವು ಕೈಗೆಟುಕುವಂತಿದ್ದರೆ ತೊಳೆಯಬಹುದು. ಗಾಜು ತಣ್ಣಗಿರುವ ಮುಂಜಾನೆ, ಸಾದಾ ನೀರು ಮತ್ತು ಮೆತ್ತನೆಯ ಬಟ್ಟೆ ಸಾಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ, ಫಲಕದ ಮೇಲೆ ಕಾಲಿಡಬೇಡಿ. ಗಾಜು ಒಡೆದಿದ್ದರೆ ಅಥವಾ ತಂತಿಯ ಹೊದಿಕೆ ಕಿತ್ತುಹೋಗಿದ್ದರೆ ನೀರು ಹಾಕದೆ ತಂತ್ರಜ್ಞರನ್ನು ಕರೆಸಿ. ಅವರು ಬರುವವರೆಗೆ ವ್ಯವಸ್ಥೆಯನ್ನು ನಿಲ್ಲಿಸಬೇಕಾದರೆ, ತಯಾರಕರ ಕೈಪಿಡಿ ಬೇರೆ ಕ್ರಮ ಹೇಳದಿದ್ದಲ್ಲಿ, ಮೊದಲು ಪರ್ಯಾಯ ವಿದ್ಯುತ್ತಿನ ಸ್ವಿಚ್ಚನ್ನೂ ಆಮೇಲೆ ಫಲಕಗಳ ಕಡೆಯ ಸ್ವಿಚ್ಚನ್ನೂ ಆರಿಸಿ. ಎರಡನ್ನೂ ಆರಿಸಿದ ಮೇಲೂ ಹಗಲಿನಲ್ಲಿ ಫಲಕದಿಂದ ಆ ಸ್ವಿಚ್ಚಿನವರೆಗಿನ ತಂತಿಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಆದ್ದರಿಂದ ಫಲಕಗಳ ನಡುವಿನ ಕನೆಕ್ಟರುಗಳನ್ನು ನೀವಾಗಿ ಎಳೆದು ಬಿಡಿಸಬೇಡಿ.