ತಾರಸಿಗೆ ಒಂದಡಿ ಮಣ್ಣು ಹಾಕಬಹುದೇ?

ಪ್ರಶ್ನೆ: ಹತ್ತು ವರ್ಷ ಹಳೆಯ ಆರ್‌ಸಿಸಿ ತಾರಸಿ. ಪ್ಲಾಸ್ಟಿಕ್ ಹಾಳೆ ಹಾಸಿ, ಒಂದಡಿ ಕೆಂಪುಮಣ್ಣು ತುಂಬಿ ಸೊಪ್ಪು ಬೆಳೆಯಬಹುದೇ? - ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಬೇಡ. ಒಂದಡಿ ಒದ್ದೆ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಮನೆ ತಾರಸಿಗೆ ಸಾಮಾನ್ಯವಾಗಿ ಲೆಕ್ಕ ಹಿಡಿಯುವ ಹೆಚ್ಚುವರಿ ಭಾರ 150 ಕಿಲೋ ಮಾತ್ರ. ಮೊದಲು ಸ್ಟ್ರಕ್ಚರಲ್ ಎಂಜಿನಿಯರರಿಗೆ ತೋರಿಸಿ.

ಅವರು ಒಪ್ಪಿದರೆ 10 ಸೆಂ.ಮೀ. ಸಾಕು, ಮೆಂತ್ಯ, ಕೊತ್ತಂಬರಿ ಅಷ್ಟರಲ್ಲೇ ಬರುತ್ತವೆ. ಮಣ್ಣು 1 ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2, ಎರೆಗೊಬ್ಬರ 1 ಪಾಲು ಬೆರೆಸಿ.

ಪ್ಲಾಸ್ಟಿಕ್ ಹಾಳೆ ಜೋಡಣೆಯಲ್ಲೇ ಸೋರುತ್ತದೆ. ಒಳಗೆ ಸೇರಿದ ನೀರು ಆರದೆ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬದಲಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಪ್ಯಾರಾಪೆಟ್ ಗೋಡೆಗೂ ಮಣ್ಣಿನ ಮಟ್ಟಕ್ಕಿಂತ 15 ಸೆಂ.ಮೀ. ಮೇಲಿನವರೆಗೆ ಬಳಿಸಿ. ತಾರಸಿಯ ನೀರು ಹೋಗುವ ಪೈಪಿನ ಬಾಯಿ ಮುಚ್ಚಿ ಒಂದಂಗುಲ ನೀರು 48 ಗಂಟೆ ನಿಲ್ಲಿಸಿ, ಕೆಳಗಿನ ಕೋಣೆಯ ಸೀಲಿಂಗ್ ನೋಡಿ. ತೇವದ ಕಲೆ ಕಂಡರೆ ಮುಂದುವರಿಯಬೇಡಿ. ಕಲೆ ಇಲ್ಲದಿದ್ದರೆ ಬೇರು ತಡೆಯುವ ಹಾಳೆ, ಡ್ರೈನ್ ಸೆಲ್ (ನೀರು ಹರಿದುಹೋಗಲು ಜಾಗ ಬಿಡುವ ಪ್ಲಾಸ್ಟಿಕ್ ಜಾಲರಿ), ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ), ಮೇಲೆ ಮಣ್ಣು.

ನೀರು ಹೋಗುವ ಪೈಪಿನ ಸುತ್ತ ಒಂದಡಿ ಬರೀ ಜಲ್ಲಿ ಇರಲಿ. ಹೆಚ್ಚಿನ ತೊಂದರೆ ಶುರುವಾಗುವುದೇ ಎಲೆ ಕಟ್ಟಿಕೊಂಡ ಆ ಬಾಯಿಯಲ್ಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೈ ಹಾಕಿ ತೆಗೆಯಿರಿ.