ಉಂಗುರ ರಿಪೇರಿಯಾದ ಮೇಲೆ ಬರ್ಮಾದ ಮೋಗೋಕ್ ಮಾಣಿಕ್ಯ ಮಸುಕಾಗಿದ್ದೇಕೆ?
ಉಂಗುರದ ಫೋಟೋ ಕಳಿಸಿ ಹೀಗೆ ಕೇಳಿದ್ದೀರಿ. ಅಕ್ಕಸಾಲಿಗರು ಆಸಿಡ್‌ಗೆ ಹಾಕಿ ತೆಗೆದ ಮೇಲೆ ಬಿಳಿ ಗೆರೆಗಳು ಎದ್ದಿವೆ ಅಂದರೆ, ಬಹುಶಃ ಅದು ಬಿರುಕುಗಳಿಗೆ ಸೀಸದ ಗಾಜು ತುಂಬಿದ ಹರಳು. ಆಸಿಡ್ ಗಾಜನ್ನು ತಿನ್ನುತ್ತದೆ, ಮಾಣಿಕ್ಯವನ್ನಲ್ಲ. ನನ್ನದೊಂದು ಹೀಗೇ ಹಾಳಾಯಿತು.

ಮೊದಲು ಕೆಲಸ ನಿಲ್ಲಿಸಿ. ಇನ್ನೊಮ್ಮೆ ಬೆಂಕಿ, ಆಸಿಡ್ ಎರಡೂ ಬೇಡ. ಆಮೇಲೆ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಹರಳನ್ನು ಅತ್ತಿತ್ತ ವಾಲಿಸಿ ನೋಡಿ. ಒಳಗೆ ನೀಲಿ ಮಿಂಚು, ಗುಂಡಗಿನ ಗುಳ್ಳೆ ಕಂಡರೆ ಅನುಮಾನ ಗಟ್ಟಿ.

ಯುವಿ (ನೇರಳಾತೀತ ಬೆಳಕಿನ) ಟಾರ್ಚಿಗೆ ಕೆಂಡದಂತೆ ಹೊಳೆಯಿತು, ಹಾಗಾಗಿ ಬರ್ಮಾದ್ದೇ ಅಂತ ಅಂಗಡಿಯವರು ಅಂದರಲ್ಲ, ಅದನ್ನು ನಂಬಬೇಡಿ. ಮೋಗೋಕ್ ಬೆಟ್ಟಗಳ ಅಮೃತಶಿಲೆಯಲ್ಲಿ ಹುಟ್ಟಿದ ಕಲ್ಲಿನಲ್ಲಿ ಹೊಳಪನ್ನು ತಗ್ಗಿಸುವ ಕಬ್ಬಿಣ ಕಡಿಮೆ, ಹಾಗಾಗಿ ಹೊಳೆಯುವುದು ನಿಜ. ಆದರೆ ಕೃತಕ ಮಾಣಿಕ್ಯವೂ ಹಾಗೇ ಹೊಳೆಯುತ್ತದೆ!

ಫೋಟೋ ನೋಡಿ ಖಚಿತ ಹೇಳಲಾರೆ. ರತ್ನ ಪರೀಕ್ಷೆಯ ಲ್ಯಾಬಿಗೆ ಕೊಟ್ಟು, ಹರಳು ಹುಟ್ಟಿದ ಊರಿನ ಹೆಸರಿಗಿಂತ ಮೊದಲು ಅದಕ್ಕೆ ಮಾಡಿದ (ಗಾಜು ತುಂಬುವಂಥ) ಟ್ರೀಟ್‌ಮೆಂಟ್ ಏನೆಂದು ಬರೆಸಿಕೊಳ್ಳಿ. ಆ ವರದಿ, ಬಿಲ್ಲು ಎರಡನ್ನೂ ಹಿಡಿದು ಅಂಗಡಿಗೆ ಹೋಗಿ.