ಸಾಸಿವೆ ಡಬ್ಬಿಯಲ್ಲಿ ಸಿಕ್ಕಿದ ಮಾತ್ರೆಗಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ 54 ವರ್ಷ, ಸಕ್ಕರೆ ಕಾಯಿಲೆಗೆ 8. ಮಗಳು ಎಳೆದುಕೊಂಡೇ ಬಂದಿದ್ದಳು. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆಗಳ ಪಟ್ಟಿಗಳು ಒಂದೂ ಒಡೆಯದೆ ಸಾಸಿವೆ ಡಬ್ಬಿಯಲ್ಲಿ ಸಿಕ್ಕಿದ್ದವಂತೆ.

ಮೂರು ತಿಂಗಳ ಹಿಂದೆ ಆಕೆ ಒಂದು ಪ್ರಕೃತಿ ಚಿಕಿತ್ಸಾ ಕೇಂದ್ರದಲ್ಲಿ 10 ದಿನ ಇದ್ದರು. ಬೂದುಗುಂಬಳದ ರಸ, ಹೊಟ್ಟೆಗೆ ಮಣ್ಣಿನ ಪಟ್ಟಿ, ಬೆಳಗ್ಗೆ ನಡಿಗೆ. ಖಾಲಿ ಹೊಟ್ಟೆಯ ಸಕ್ಕರೆ 180ರಿಂದ 115ಕ್ಕೆ ಇಳಿಯಿತು. ಮನೆಗೆ ಬಂದು ಮಾತ್ರೆ ಬಿಟ್ಟರು. ಈಗ 240.

"ಮಣ್ಣು ಮೆತ್ತುವವರೂ ಡಾಕ್ಟರಾ?" ಅಂದಳು ಮಗಳು. ಉಜಿರೆಯಲ್ಲಿ 1989ರಿಂದ ಇದಕ್ಕೇ ಕಾಲೇಜಿದೆ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು ಅಂತ ಹೇಳಿದೆ. ಆಮೇಲೆ ಕೇಂದ್ರದವರು ಕೊಟ್ಟ ಚೀಟಿ ತೋರಿಸಿ ಅಂದೆ. ನಾಲ್ಕು ಮಡಿಕೆಯಾಗಿದ್ದ ಕಾಗದದ ಕೊನೇ ಸಾಲಲ್ಲಿ ಇತ್ತು: ನಿಮ್ಮ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಅಮ್ಮನೂ ಓದಿರಲಿಲ್ಲ, ಮಗಳೂ ಓದಿರಲಿಲ್ಲ.

ಅಲ್ಲಿ ಏನು ಬೇರೆ ಇತ್ತು ಅಂತ ಆಕೆಯನ್ನು ಕೇಳಿದೆ. ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕುಳಿತರು. "ಅಲ್ಲಿ ನಾನು ಅಡುಗೆ ಮಾಡ್ತಿರಲಿಲ್ಲ. ಆರೂವರೆಗೆ ಯಾರೋ ತಟ್ಟೆ ತಂದಿಡ್ತಿದ್ರು." ಮನೆಯಲ್ಲಿ ಮಗ ಆಫೀಸಿನಿಂದ ಬರುವುದು ಹತ್ತಕ್ಕೆ. ಅವನ ಜೊತೆ ಬಿಸಿ ಅನ್ನ, ಹಪ್ಪಳ. ಸಕ್ಕರೆ ಏರದೆ ಇನ್ನೇನು ಮಾಡೀತು? ನನಗೆ ಮಣ್ಣಿನ ಪಟ್ಟಿಗಿಂತ ಆ ಆರೂವರೆಯ ತಟ್ಟೆಯ ಮೇಲೇ ಜಾಸ್ತಿ ನಂಬಿಕೆ.

ಹೇಳಿದ್ದು ಇಷ್ಟು. ಇದೇ ವಾರ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿ, ಆ ಚೀಟಿಯನ್ನೂ ಹಿಡಿದು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಬಿಟ್ಟಿದ್ದನ್ನು ಮುಚ್ಚಿಡಬೇಡಿ. ಮತ್ತೆ ಶುರು ಮಾಡುವುದು, ಕಡಿಮೆ ಮಾಡುವುದು ಅವರಿಗೆ ಬಿಟ್ಟಿದ್ದು. ಗ್ಲಿಮೆಪಿರೈಡ್ ನುಂಗಿ ಉಪವಾಸ ಮಾತ್ರ ಬೇಡವೇ ಬೇಡ. ಹೊಟ್ಟೆ ಖಾಲಿ ಇದ್ದರೂ ಅದು ಇನ್ಸುಲಿನ್ ಹಿಂಡುತ್ತದೆ. ಸಕ್ಕರೆ ಕುಸಿದು, ಬೆವರಿ, ತಲೆ ಸುತ್ತಿ ಬೀಳಬಹುದು. ಮಣ್ಣಿನ ಪಟ್ಟಿ ಹಿತ ಅನ್ನಿಸಿದರೆ ಹಾಕಿಕೊಳ್ಳಿ, ಯಾರದೂ ಅಡ್ಡಿಯಿಲ್ಲ.

ಮಗಳಿಗೆ ಬೇರೆ ಹೇಳಿದೆ: ಡಬ್ಬಿ ಹುಡುಕುವುದು ಬಿಡು, ರಾತ್ರಿ ಅಡುಗೆ ಹಂಚಿಕೊಳ್ಳಿ.

ತಿಂಗಳಾದ ಮೇಲೆ ಆಕೆ ಒಬ್ಬರೇ ಬಂದರು. ಮಾತ್ರೆ ಮತ್ತೆ ಶುರುವಾಗಿದೆ, ಊಟ ಏಳಕ್ಕೆ. ಮಗ ತಾನೇ ಬಡಿಸಿಕೊಳ್ಳುತ್ತಾನೆ, ಸಾರು ತಣ್ಣಗಿದೆ ಅಂತ ಗೊಣಗುತ್ತಾನಂತೆ.